ಪ್ರದೇಶಾಧ್ಯಯನ ಮತ್ತು ಪರಿಮಾಣಾತ್ಮಕ ವಿಧಾನಗಳ ಸಂಯುಕ್ತ ವ್ಯಾಸಂಗ

ಜಗತ್ತಿನ ಒಂದು ಭೂಭಾಗವನ್ನು ಅದರ ಭಾಷೆ, ಇತಿಹಾಸ, ಸಮಾಜ, ರಾಜಕಾರಣ ಮತ್ತು ಅರ್ಥವ್ಯವಸ್ಥೆಗಳೊಂದಿಗೆ ಇಡಿಯಾಗಿ ಅಭ್ಯಸಿಸುವ ವಿದ್ಯಾಶಾಖೆಗೆ ಪ್ರದೇಶಾಧ್ಯಯನವೆಂದು ಹೆಸರು. ದಕ್ಷಿಣ ಏಷ್ಯಾ ಅಧ್ಯಯನ, ಆಫ್ರಿಕಾ ಅಧ್ಯಯನ, ಲ್ಯಾಟಿನ್ ಅಮೆರಿಕ ಅಧ್ಯಯನ ಮೊದಲಾದವು ಇದರ ಕವಲುಗಳು. ಸಮೀಕ್ಷೆ, ಮಾದರಿ ಆಯ್ಕೆ, ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆ ಮುಂತಾಗಿ ಸಾಮಾಜಿಕ ಪ್ರಶ್ನೆಗಳಿಗೆ ಎಣಿಕೆ ಮತ್ತು ಅಳತೆಯ ಮೂಲಕ ಉತ್ತರ ಹುಡುಕುವ ಕ್ರಮಗಳನ್ನು ಪರಿಮಾಣಾತ್ಮಕ ವಿಧಾನಗಳೆಂದು ಕರೆಯಲಾಗುತ್ತದೆ. ಇವೆರಡನ್ನೂ ಒಂದೇ ಪದವಿಯಲ್ಲಿ ಕಲಿಸುವ ಏರ್ಪಾಡು ತೀರ ಹಳೆಯದಲ್ಲ. ಆದರೆ ಇವೆರಡನ್ನೂ ಕೂಡಿಸಿಕೊಂಡ ಸಂಶೋಧನೆಗೆ ದೀರ್ಘ ಇತಿಹಾಸವಿದ್ದು, ಅದರ ಒಳ್ಳೆಯ ನಿದರ್ಶನಗಳಲ್ಲೊಂದು ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ನಡೆದಿದೆ.

ಪ್ರದೇಶಾಧ್ಯಯನದ ಬೇರುಗಳು ಸಾಮ್ರಾಜ್ಯದ ಆಡಳಿತದಲ್ಲಿಯೂ ಅನಂತರ ಶೀತಲ ಸಮರದಲ್ಲಿಯೂ ಇವೆ. ಲಂಡನ್ನಿನ ಪೌರ್ವಾತ್ಯ ಅಧ್ಯಯನ ಶಾಲೆ 1916ರಲ್ಲಿ ಸ್ಥಾಪನೆಯಾದದ್ದು ಬಹುಮಟ್ಟಿಗೆ ವಸಾಹತುಗಳಿಗೆ ಹೋಗುವ ಅಧಿಕಾರಿಗಳಿಗೆ ಭಾಷೆ ಕಲಿಸುವ ಸಲುವಾಗಿ. ಸೋವಿಯತ್ ಒಕ್ಕೂಟ 1957ರಲ್ಲಿ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮರುವರ್ಷವೇ ಅಮೆರಿಕ ಸಂಯುಕ್ತ ಸಂಸ್ಥಾನ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯನ್ನು ಜಾರಿಗೆ ತಂದು, ಅದರ ಆರನೆಯ ಅಧ್ಯಾಯದ ಮೂಲಕ ವಿಶ್ವವಿದ್ಯಾಲಯಗಳಲ್ಲಿ ವಿದೇಶೀ ಭಾಷೆಗಳ ಮತ್ತು ಪ್ರದೇಶಗಳ ಅಧ್ಯಯನಕ್ಕೆ ಹಣ ಒದಗಿಸಿತು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಎ. ಕೆ. ರಾಮಾನುಜನ್ ಅವರಂಥ ಕನ್ನಡದ ಕವಿಯೊಬ್ಬರು ಪ್ರಾಧ್ಯಾಪಕರಾಗಿ ನೆಲೆಸಿದ್ದು ಈ ಬೆಳವಣಿಗೆಯ ಕಾಲದಲ್ಲಿಯೇ. ಭಾರತದಲ್ಲಿ 1955ರಲ್ಲಿ ಆರಂಭವಾದ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಮುಂದೆ 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಭಾಗವಾಯಿತು.

1990ರ ದಶಕದಲ್ಲಿ ಈ ವಿದ್ಯಾಶಾಖೆ ತೀವ್ರ ವಾಗ್ವಾದಕ್ಕೆ ಗುರಿಯಾಯಿತು. ಪ್ರದೇಶ ತಜ್ಞರು ವಿವರಗಳನ್ನು ಕಲೆಹಾಕುತ್ತಾರೆಯೇ ಹೊರತು ಬೇರೆಡೆಗೂ ಅನ್ವಯಿಸುವ ಸಿದ್ಧಾಂತಗಳನ್ನು ಕಟ್ಟುವುದಿಲ್ಲವೆಂದು ರಾಜ್ಯಶಾಸ್ತ್ರಜ್ಞ ರಾಬರ್ಟ್ ಬೇಟ್ಸ್ ಟೀಕಿಸಿದರೆ, ಜಪಾನಿನ ಭಾಷೆಯನ್ನೂ ಸಂಸ್ಥೆಗಳನ್ನೂ ಅರಿಯದೆ ಗಣಿತದ ಮಾದರಿಗಳಿಂದಲೇ ಜಪಾನನ್ನು ವಿವರಿಸಹೊರಟವರನ್ನು ಚಾಮರ್ಸ್ ಜಾನ್ಸನ್ ಅಷ್ಟೇ ಕಟುವಾಗಿ ಖಂಡಿಸಿದ್ದರು. ಅಮೆರಿಕದ ಸಮಾಜ ವಿಜ್ಞಾನ ಸಂಶೋಧನಾ ಮಂಡಲಿ 1996ರಲ್ಲಿ ತನ್ನ ಹಳೆಯ ಪ್ರದೇಶವಾರು ಸಮಿತಿಗಳನ್ನು ವಿಸರ್ಜಿಸಿತು. ಬೇಟ್ಸ್ ಸ್ವತಃ ಆಫ್ರಿಕಾದ ಕೃಷಿ ಮಾರುಕಟ್ಟೆಗಳನ್ನು ನೆಲಮಟ್ಟದಲ್ಲಿ ಬಲ್ಲವರಾಗಿದ್ದರು, ಅವರ ಸಿದ್ಧಾಂತಗಳಿಗೆ ತೂಕ ಬಂದದ್ದೂ ಆ ತಿಳಿವಿನಿಂದಲೇ ಎಂಬ ಸಂಗತಿ ಈ ಗದ್ದಲದಲ್ಲಿ ಮರೆಯಾಯಿತು.

ಸಂಯುಕ್ತ ಪದವಿಗಳಿಗೆ ಸಾಂಸ್ಥಿಕ ಬೆಂಬಲ ಹೆಚ್ಚಾಗಿ ಸಂಖ್ಯೆಯ ಕಡೆಯಿಂದಲೇ ಬಂದಿತು. ಬ್ರಿಟನ್ನಿನಲ್ಲಿ ಸಮಾಜವಿಜ್ಞಾನದ ಪದವೀಧರರಿಗೆ ಅಂಕಿಅಂಶಗಳ ಬಳಕೆ ಸಾಲದೆಂಬ ಕಳವಳದಿಂದ ನಫೀಲ್ಡ್ ಪ್ರತಿಷ್ಠಾನ ಮತ್ತು ಸರಕಾರಿ ಅನುದಾನ ಸಂಸ್ಥೆಗಳು 2013ರಲ್ಲಿ 1.95 ಕೋಟಿ ಪೌಂಡುಗಳ ಕ್ಯೂ-ಸ್ಟೆಪ್ ಯೋಜನೆಯನ್ನು ಆರಂಭಿಸಿ, 15 ವಿಶ್ವವಿದ್ಯಾಲಯಗಳಲ್ಲಿ ಕೇಂದ್ರಗಳನ್ನು ತೆರೆದವು. ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಮೊದಲಾದ ವಿಷಯಗಳ ಪದವಿಗೆ ಪರಿಮಾಣಾತ್ಮಕ ವಿಧಾನಗಳನ್ನು ಜೋಡಿಸುವ ಪರಿಪಾಠಕ್ಕೆ ಇದು ಒತ್ತಾಸೆಯಾಯಿತು. ಭಾರತದಲ್ಲಿ ಪ್ರದೇಶಾಧ್ಯಯನ ಬಹುತೇಕ ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗಗಳಲ್ಲಿಯೂ ಸಂಖ್ಯಾವಿಧಾನಗಳು ಅರ್ಥಶಾಸ್ತ್ರ ವಿಭಾಗಗಳಲ್ಲಿಯೂ ಉಳಿದಿರುವುದರಿಂದ, ಎರಡನ್ನೂ ಬಯಸುವ ವಿದ್ಯಾರ್ಥಿ ಸಾಮಾನ್ಯವಾಗಿ ಒಂದನ್ನು ಪದವಿಯಾಗಿಯೂ ಇನ್ನೊಂದನ್ನು ಸ್ವಂತ ಪರಿಶ್ರಮದಿಂದಲೂ ಗಳಿಸಬೇಕಾಗುತ್ತದೆ.

ಇಂಥ ವ್ಯಾಸಂಗದ ಮುಖ್ಯ ತೊಡಕು ವೇಳೆಯದು. ಭಾಷೆಗೆ ನಿತ್ಯದ ಅಭ್ಯಾಸ ಬೇಕು. ಸಂಖ್ಯಾಶಾಸ್ತ್ರವಾದರೋ ಮೆಟ್ಟಿಲು ಮೆಟ್ಟಿಲಾಗಿ ಏರಬೇಕಾದ ವಿದ್ಯೆ: ಸಂಭವನೀಯತೆ ತಿಳಿಯದವನಿಗೆ ಮಾದರಿ ಆಯ್ಕೆ ಅರ್ಥವಾಗದು, ಅದು ಅರ್ಥವಾಗದವನಿಗೆ ರಿಗ್ರೆಷನ್, ಅಂದರೆ ಉಳಿದ ಅಂಶಗಳನ್ನು ಸ್ಥಿರವೆಂದು ಇಟ್ಟುಕೊಂಡು ಒಂದು ಅಂಶ ಬದಲಾದಾಗ ಇನ್ನೊಂದು ಸರಾಸರಿ ಎಷ್ಟು ಬದಲಾಗುತ್ತದೆಂದು ಅಂದಾಜಿಸುವ ಕ್ರಮ, ಬರಿಯ ಕಂಪ್ಯೂಟರ್ ಆಜ್ಞೆಯಾಗಿ ಉಳಿಯುತ್ತದೆ. ಆದ್ದರಿಂದ ಎರಡನ್ನೂ ಮೊದಲ ವರ್ಷದಿಂದಲೇ ಜೊತೆಯಾಗಿ ನಡೆಸಿ, ಬಳಿಕ ಆರ್, ಸ್ಟೇಟಾ ಮುಂತಾದ ತಂತ್ರಾಂಶಗಳನ್ನೂ ಭೂಮಾಹಿತಿ ವ್ಯವಸ್ಥೆಯನ್ನೂ ಅಭ್ಯಾಸ ಮಾಡಿಸಿ, ಕೊನೆಗೆ ಆ ಪ್ರದೇಶದ್ದೇ ದತ್ತಾಂಶಗಳಿಂದ ಪ್ರಬಂಧ ಬರೆಸುವುದು ಸೂಕ್ತ. ದಕ್ಷಿಣ ಏಷ್ಯಾದ ವಿದ್ಯಾರ್ಥಿಗೆ ಜನಗಣತಿ, 1950ರಿಂದ ನಡೆದುಬಂದ ರಾಷ್ಟ್ರೀಯ ಮಾದರಿ ಸಮೀಕ್ಷೆ, 1992-93ರಲ್ಲಿ ಮೊದಲ ಸುತ್ತು ಕಂಡ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇವು ಮುಖ್ಯ ಆಕರಗಳು. ಕ್ಷೇತ್ರಕಾರ್ಯಕ್ಕೆ ಕನ್ನಡ ಬೇಕಾದ ವಿದೇಶೀ ವಿದ್ಯಾರ್ಥಿಗಳಿಗಾಗಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಮೈಸೂರಿನಲ್ಲಿ ಭಾಷಾ ತರಗತಿಗಳನ್ನು ನಡೆಸಿದೆ.

ಆದರೆ ಎರಡು ಪಠ್ಯಕ್ರಮಗಳನ್ನು ಪಕ್ಕಪಕ್ಕದಲ್ಲಿ ಇಟ್ಟಮಾತ್ರಕ್ಕೆ ಅವು ಕೂಡಿದಂತಾಗುವುದಿಲ್ಲ. ಅಂಕಿಅಂಶ ಹುಟ್ಟುವ ಬಗೆಯನ್ನು ಪರಿಶೀಲಿಸುವಾಗಲೇ ಪ್ರದೇಶಜ್ಞಾನ ಮತ್ತು ಸಂಖ್ಯಾಜ್ಞಾನ ಒಂದಕ್ಕೊಂದು ನಿಜವಾಗಿ ಬೇಕಾಗುತ್ತವೆ. ಭಾರತದ ಜನಗಣತಿಯಲ್ಲಿ ಕುಟುಂಬವೆಂದರೆ ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಲ್ಲಿ ಉಣ್ಣುವವರ ಗುಂಪು. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡು, ಹೊಲವನ್ನು ಇನ್ನೂ ಪಾಲು ಮಾಡದೆ, ಪಹಣಿ ತಂದೆಯ ಹೆಸರಿನಲ್ಲಿಯೇ ಉಳಿದಿರುವ ಮನೆಯಲ್ಲಿ ಗಣತಿಗೆ ಎರಡು ಕುಟುಂಬ, ಕಂದಾಯ ದಾಖಲೆಗೆ ಒಂದೇ ಹಿಡುವಳಿ. ಇವೆರಡು ಪಟ್ಟಿಗಳನ್ನು ಭಾಗಿಸಿ ತೆಗೆದ ತಲಾ ಕುಟುಂಬದ ಭೂಮಿ ಲೆಕ್ಕದಲ್ಲಿ ಸರಿಯಿದ್ದೂ ಊರಿನ ಮಟ್ಟಿಗೆ ತಪ್ಪಾಗಿರುತ್ತದೆ. ಕೇಳುವ ಪ್ರಶ್ನೆ ಬದಲಾದರೂ ಫಲಿತ ಬದಲಾಗುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 1999-2000ರ 55ನೆಯ ಸುತ್ತಿನಲ್ಲಿ ಆಹಾರದ ಖರ್ಚನ್ನು ಹಿಂದಿನ 7 ದಿನಗಳಿಗೂ 30 ದಿನಗಳಿಗೂ ಒಂದೇ ನಮೂನೆಯಲ್ಲಿ ಕೇಳಿದ್ದರಿಂದ ಒಂದು ಉತ್ತರ ಇನ್ನೊಂದರ ಮೇಲೆ ಪ್ರಭಾವ ಬೀರಿತೆಂಬ ಆಕ್ಷೇಪವೆದ್ದು, ಆ ದಶಕದಲ್ಲಿ ದೇಶದ ಬಡತನ ಎಷ್ಟು ಇಳಿಯಿತೆಂಬ ಬಗ್ಗೆ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದಿಸಿದರು.

ಗಡಿಗಳ ಬದಲಾವಣೆ ಇನ್ನೊಂದು ಸಮಸ್ಯೆ. ಕರ್ನಾಟಕದಲ್ಲಿ 1997ರಲ್ಲಿ ಏಳು ಹೊಸ ಜಿಲ್ಲೆಗಳಾದವು. ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. 1991ರ ಬಳ್ಳಾರಿಯನ್ನು 2011ರ ಬಳ್ಳಾರಿಯೊಂದಿಗೆ ಹೋಲಿಸುವವರು ತಾಲ್ಲೂಕುಗಳನ್ನು ಬಿಡಿಸಿ ಮರುಜೋಡಿಸದಿದ್ದರೆ ಎರಡು ಬೇರೆ ಭೂಭಾಗಗಳನ್ನು ಹೋಲಿಸಿದಂತಾಗುತ್ತದೆ. ಪ್ರಾದೇಶಿಕ ಅಸಮತೋಲನವನ್ನು ಕುರಿತ ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನೇ ಘಟಕವಾಗಿ ಹಿಡಿದು, 35 ಸೂಚಕಗಳ ಸೂಚ್ಯಂಕದಿಂದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವೆಂದು ಗುರುತಿಸಿತು. ಜಿಲ್ಲೆಯ ಸರಾಸರಿಯಲ್ಲಿ ಅಡಗಿಹೋಗುವ ಬಡ ತಾಲ್ಲೂಕುಗಳು ಹೀಗೆ ಬೆಳಕಿಗೆ ಬಂದವು.

ಮಂಡ್ಯದ ನಿದರ್ಶನ ಸ್ಕಾರ್ಲೆಟ್ ಎಪ್ಸ್ಟೀನ್ ಅವರದು. ಅರ್ಥಶಾಸ್ತ್ರದ ಹಿನ್ನೆಲೆಯಿಂದ ಮಾನವಶಾಸ್ತ್ರಕ್ಕೆ ಬಂದ ಆಕೆ 1950ರ ದಶಕದ ಮಧ್ಯಭಾಗದಲ್ಲಿ, ತಮ್ಮ ಗ್ರಂಥದಲ್ಲಿ ವಾಂಗಲ ಮತ್ತು ದಾಲೇನ ಎಂದು ಕರೆದ ಹಳ್ಳಿಗಳಲ್ಲಿದ್ದು, ಮನೆಮನೆಯ ಆದಾಯ, ವೆಚ್ಚ, ಬೆಳೆಯ ಹುಟ್ಟುವಳಿಗಳನ್ನು ಲೆಕ್ಕಹಾಕಿದರು. ನಾಲೆಯ ನೀರು ಬಂದ ವಾಂಗಲದಲ್ಲಿ ಕಬ್ಬಿನಿಂದ ಹಣ ಹರಿದರೂ, ಒಕ್ಕಲುಗಳಿಗೂ ಆಳುಗಳಿಗೂ ನಡುವಿನ ವಂಶಪಾರಂಪರ್ಯದ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ಎತ್ತರದಲ್ಲಿದ್ದ ಕಾರಣ ನೀರು ಏರದ ದಾಲೇನದವರು ವ್ಯಾಪಾರಕ್ಕೂ ಮಂಡ್ಯದ ನೌಕರಿಗೂ ಹೊರಟು, ಅಲ್ಲಿಯೇ ಹಳೆಯ ಕಟ್ಟುಪಾಡುಗಳು ಸಡಿಲಗೊಂಡವು. ನೀರಾವರಿ ಬಂದಲ್ಲಿ ಸಮಾಜ ಹೆಚ್ಚು ಬದಲಾಗುತ್ತದೆಂಬ ಸಹಜ ನಿರೀಕ್ಷೆಯನ್ನು ತಲೆಕೆಳಗು ಮಾಡಿದ ಈ ಫಲಿತ, 1962ರಲ್ಲಿ ಪ್ರಕಟವಾದ ಅವರ ಗ್ರಂಥದ ತಿರುಳು. ಲೆಕ್ಕದ ಪಟ್ಟಿಯಷ್ಟರಿಂದಲೇ ಕಾರಣ ಹೊಳೆಯುತ್ತಿರಲಿಲ್ಲ. ಪಟ್ಟಿಯಿಲ್ಲದೆ ಅದನ್ನು ಯಾರೂ ನಂಬುತ್ತಲೂ ಇರಲಿಲ್ಲ.

2011ರ ಬಳಿಕ ಬರಬೇಕಿದ್ದ ಜನಗಣತಿ ಮುಂದಕ್ಕೆ ಹೋದುದರಿಂದ ಸಂಶೋಧಕರು ಉಪಗ್ರಹದ ರಾತ್ರಿಬೆಳಕಿನ ಚಿತ್ರಗಳು, ಮತದಾರರ ಪಟ್ಟಿಗಳು ಮುಂತಾದ ಪರ್ಯಾಯ ಆಕರಗಳತ್ತ ಹೊರಳಿದ್ದಾರೆ. ಇವುಗಳಲ್ಲಿಯೂ ಸ್ಥಳಜ್ಞಾನದ ಅಗತ್ಯ ತಪ್ಪಿದ್ದಲ್ಲ. ಕುಲನಾಮದಿಂದ ಸಮುದಾಯವನ್ನು ಊಹಿಸುವ ಕಂಪ್ಯೂಟರ್ ಕ್ರಮವನ್ನು ಉತ್ತರ ಭಾರತದ ಪಟ್ಟಿಗಳ ಮೇಲೆ ರೂಪಿಸಿ ಹಾಗೆಯೇ ಇಲ್ಲಿಗೆ ತಂದರೆ, ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನಷ್ಟೇ ಇಟ್ಟುಕೊಳ್ಳುವ ಹಳೆಯ ಮೈಸೂರಿನವರ ಬಗ್ಗೆ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಸಿಕ್ಕರೂ ಅದು ಹಲವೊಮ್ಮೆ ಊರನ್ನೋ ಮನೆತನದ ಹಳೆಯ ಕಸುಬನ್ನೋ ಹೇಳುವುದರಿಂದ, ಒಂದೇ ಅಡ್ಡಹೆಸರು ಹಲವು ಸಮುದಾಯಗಳಲ್ಲಿ ಕಾಣಸಿಗುತ್ತದೆ.