ಕೋವಿ ಮಾಡಿದ ಊರು, ಗುರಿ ಉಳಿದ ಊರು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಇಂಗ್ಲಿಷರಿಗೆ ಸಾವಿರಗಟ್ಟಲೆ ಬಂದೂಕುಗಳ ಜೊತೆಗೆ ಅವನ್ನು ತಯಾರಿಸುತ್ತಿದ್ದ ಕಾರ್ಖಾನೆಗಳೂ ಸಿಕ್ಕವು. ಪಕ್ಕದ ಹಿರೋಡೆಯಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಬಿದ್ದಿತ್ತು, ಪಾಂಡವಪುರವಾದದ್ದು ಆಮೇಲೆ. ನಾಗಮಂಗಲವಂತೂ ಲೋಹದ ಕೆಲಸಕ್ಕೆ ಹೆಸರಾದ ಊರು. ಇಷ್ಟೆಲ್ಲ ಇದ್ದೂ ಗುರಿ ಹೊಡೆಯುವ ಸ್ಪರ್ಧೆಯ ಮಾತು ಬಂದರೆ ನಮಗೆ ಮೊದಲು ನೆನಪಾಗುವುದು ಕೊಡಗು. ಕೋವಿ ಎಲ್ಲಿ ತಯಾರಾಯಿತು ಎನ್ನುವುದಕ್ಕಿಂತ, ಯಾರ ಮನೆಯಲ್ಲಿ ಉಳಿಯಿತು ಎನ್ನುವುದರಲ್ಲಿ ಇದಕ್ಕೆ ಉತ್ತರವಿದೆ ಎಂದು ನನ್ನ ವಾದ.

ಟಿಪ್ಪುವಿನ ಸೈನ್ಯವೇ ದೊಡ್ಡ ಗುರಿಕಾರರ ಪಡೆಯಾಗಿತ್ತಲ್ಲವೇ ಎಂದು ಕೇಳಬಹುದು. ಆದರೆ ಆ ಕಾಲದ ಸಿಪಾಯಿಯ ಮಸ್ಕೆಟ್‌ಗೆ ನುಣುಪು ನಳಿಗೆ. ಒಳಗೆ ತಿರುಗಣೆಯ ಗೀರುಗಳಿಲ್ಲ, ಗುಂಡು ನೂರು ಗಜ ದಾಟಿದರೆ ಎತ್ತ ಹೋದೀತೋ. ಸಾಲಾಗಿ ನಿಂತು ಒಮ್ಮೆಗೇ ಹಾರಿಸುವುದೇ ಅದರ ಬಳಕೆ. ಗುರಿ ಬೇಕಾದದ್ದು ಬೇಟೆಗೆ. ಕೊನೆಯ ದಿನ ಕೋಟೆಯ ಮೇಲೆ ನಿಂತ ಟಿಪ್ಪು, ಸೇವಕರು ಮದ್ದು ತುಂಬಿ ಒಂದೊಂದಾಗಿ ಕೊಡುತ್ತಿದ್ದ ಬೇಟೆಯ ಬಂದೂಕುಗಳಿಂದಲೇ ಹೊಡೆದನೆಂಬ ವರದಿ ಅಂದಿನ ಇಂಗ್ಲಿಷರದು. ಸಾಮಾನ್ಯರಲ್ಲಿ ಅಂಥ ಕೈಚಳಕಕ್ಕೆ ಅವಕಾಶವಿದ್ದದ್ದು ಕಂದಾಚಾರದವರಲ್ಲಿ, ಎಂದರೆ ಊರೂರಲ್ಲಿ ಆಯುಧ ಹಿಡಿದು ಚಾಕರಿ ಮಾಡುತ್ತಿದ್ದ ಮೈಸೂರಿನ ದೇಶೀ ದಂಡಿನಲ್ಲಿ. ಯುದ್ಧಗಳು ಮುಗಿದ ಮೇಲೆ ಅವರ ಕೆಲಸ ಪೊಲೀಸ್ ಕಾವಲಿಗೆ ಇಳಿಯಿತು. ಶ್ರೀರಂಗಪಟ್ಟಣದಲ್ಲಿ ಕಂಪನಿಯವರು ಫಿರಂಗಿ ಗಾಡಿಗಳ ಕಾರ್ಖಾನೆ ನಡೆಸಿದರು. ಅದರ ಮೇಲ್ವಿಚಾರಕ ಸ್ಕಾಟ್‌ನ ಬಂಗಲೆ ನದಿಯ ದಂಡೆಯಲ್ಲಿ ಉಳಿಯಿತು. ಊರವರ ಕೈಯಲ್ಲಿ ಕೋವಿ ಉಳಿಯಲಿಲ್ಲ.

ಕೊಡಗಿನಲ್ಲಿ ಆದದ್ದು ತಿರುಗುಮುರುಗು. 1857ರ ದಂಗೆಯ ನಂತರ ಜನರ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ಅದು ಇವತ್ತಿಗೂ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಮನೆಯ ಸದಸ್ಯನ ಹಾಗೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್ ಪೋಳ್ದ್ ಹಬ್ಬದಲ್ಲಿ ದೇವರ ಕೋಣೆಯಲ್ಲಿಟ್ಟ ಕೋವಿಯ ತುದಿಗೆ ತೋಕ್ ಪೂ, ಎಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಇದು ರಕ್ತದಲ್ಲೇ ಬಂದ ಶೌರ್ಯ ಎನ್ನುವವರಿದ್ದಾರೆ. ಹಾಗಾದರೆ ಕಂದಾಚಾರದವರ ರಕ್ತ ಬತ್ತಿದ್ದು ಯಾವಾಗ?

ಶ್ರೀರಂಗಪಟ್ಟಣ, ನಾಗಮಂಗಲಗಳಿರುವ ಮಂಡ್ಯದ ಕಡೆಯ ರೈತರಿಗೂ ಬೆಳೆ ಕಾಯಲು ಲೈಸೆನ್ಸ್ ಸಿಗುತ್ತದಲ್ಲ ಎಂಬುದು ಇದಕ್ಕಿಂತ ಗಟ್ಟಿ ಆಕ್ಷೇಪ. ನಿಜ. ಆದರೆ ಹಂದಿ ಓಡಿಸಲು ಕೊಟ್ಟ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಬೇಕು. ಅದನ್ನು ಹಿಡಿದು ಹಬ್ಬದ ಪಂದ್ಯ ಕಟ್ಟಿದವರಿಲ್ಲ. ಮನೆಯ ಕೋವಿಯ ಮಹಿಮೆ ಬೆಂಗಳೂರಿನಲ್ಲೂ ಕಾಣುತ್ತದೆ. ರೈಫಲ್ ಅಲ್ಲ, ಪಿಸ್ತೂಲು ಹಿಡಿದು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ, 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೂ ಹೋದ ಪ್ರಕಾಶ್ ನಂಜಪ್ಪ ಅವರ ತಂದೆ ಪಿ.ಎನ್. ಪಾಪಣ್ಣ ಕೂಡ ಶೂಟರ್. ಈಗ ಏರ್ ರೈಫಲ್ ಲೆಕ್ಕ ಬದಲಿಸಿದೆ: ಹತ್ತು ಮೀಟರ್ ಉದ್ದದ ಕೋಣೆ, ಅರ್ಧ ಮಿಲಿಮೀಟರಿನ ಚುಕ್ಕೆ, 4.5 ಮಿಲಿಮೀಟರಿನ ಸೀಸದ ಕಾಳು. ಇದಕ್ಕೆ ಕಬ್ಬನ್‌ನ ಅಪ್ಪಣೆ ಬೇಕಿಲ್ಲ, ಅದೇ ಮಂಡ್ಯದ ಕೆ.ಆರ್. ಪೇಟೆಯ ಶಾಲೆಯೊಂದರ ಉದ್ದನೆಯ ಪಡಸಾಲೆ ಸಾಕು.