ಲೆಕ್ಕ ಅಗ್ಗವಾಯಿತು, ಸಾಗಾಟ ತುಟ್ಟಿಯಾಯಿತು

"ಹದಿನಾಲ್ಕು ಕೋರ್ ಇದೆ ಸಾರ್, ಝಿಯಾನ್. ಹೊಸ ಲ್ಯಾಪ್‌ಟಾಪ್ ತಗೊಂಡ್ರೂ ಎಂಟೇ ಸಿಗೋದು." ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ ಮಾರುವವರ ಬಾಯಲ್ಲಿ ಈ ಮಾತು ಈಗ ಸಾಮಾನ್ಯ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಇಂಟೆಲ್‌ನ 2016ರ ಕಾಲದ ಝಿಯಾನ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಲೀಸ್ ಮುಗಿದು ಕಚೇರಿಯಿಂದ ಹೊರಬಿದ್ದ ಇಂಥ ಯಂತ್ರಗಳು ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರ, ಎಂಜಿನಿಯರಿಂಗ್ ಹುಡುಗರ ಕೈಸೇರುತ್ತವೆ. ಹದಿನಾಲ್ಕು ದೊಡ್ಡದೋ, ಎಂಟು ದೊಡ್ಡದೋ? ಉತ್ತರಕ್ಕೆ ನಲವತ್ತು ವರ್ಷ ಹಿಂದೆ ಹೋಗಬೇಕು. ಕ್ಯಾಲಿಫೋರ್ನಿಯಾದವರೆಗೆ ಹೋಗುವ ಅಗತ್ಯವಿಲ್ಲ, ಬೆಂಗಳೂರಿನ ದಂಡು ಪ್ರದೇಶದಿಂದ ಹಳೆ ಮದ್ರಾಸ್ ರಸ್ತೆಯವರೆಗೆ ಹೋದರೆ ಸಾಕು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕಚೇರಿ ತೆರೆಯಿತು. ವಿದೇಶಿ ಕಂಪನಿಯೊಂದರ ಚಿಪ್ ವಿನ್ಯಾಸ ಕೇಂದ್ರ ಭಾರತಕ್ಕೆ ಬಂದದ್ದು ಅದೇ ಮೊದಲು. ಅದರ ಉಪಗ್ರಹ ಸಂಪರ್ಕದ ಆಂಟೆನಾ ಎತ್ತಿನಗಾಡಿಯಲ್ಲಿ ಬಂದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಕಾಲಕ್ಕೆ ವರ್ಕ್‌ಸ್ಟೇಷನ್ ಅಂದರೆ ಎಂಜಿನಿಯರ್ ಒಬ್ಬನ ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾದ, ಆದರೆ ಮನೆಗೆ ತರುವ ಮಾತೇ ಇಲ್ಲದಷ್ಟು ದುಬಾರಿಯಾದ ಯಂತ್ರ. 1989ರ ಸನ್ ಸ್ಪಾರ್ಕ್‌ಸ್ಟೇಷನ್-1 ಓಡುತ್ತಿದ್ದುದು 20 ಮೆಗಾಹರ್ಟ್ಸ್‌ನಲ್ಲಿ. ಅದಾದ ಮೇಲೆ ಡಿಇಸಿ ಆಲ್ಫಾ ಬಂತು, ಎಸ್‌ಜಿಐ ಯಂತ್ರಗಳು ಮೊದಲೇ ಇದ್ದವು. ಎಲ್ಲವೂ ಹೋದವು. 1995ರ ಪೆಂಟಿಯಂ ಪ್ರೋ ಅಂಗಡಿ ಪಿಸಿಯ ಜಾತಿಯ ಪ್ರೊಸೆಸರನ್ನೇ ಅವುಗಳ ಪಂಕ್ತಿಯಲ್ಲಿ ಕೂರಿಸಿತು. ಇಂದಿನ ಝಿಯಾನ್ ಅದೇ ವಂಶದ್ದು.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸುವುದು ಅದೇ ಕಾಲದಲ್ಲಿ ಕೋಡಿಹಳ್ಳಿಯ ವಿಮಾನ ಸಂಶೋಧನಾ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ನಡೆದ ಕೆಲಸ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಯು.ಎನ್. ಸಿನ್ಹಾ ಅವರ ತಂಡ 1986ರಲ್ಲಿ ‘ಫ್ಲೋಸಾಲ್ವರ್’ ಕಟ್ಟಿತು. ಭಾರತದ ಮೊದಲ ಸಮಾಂತರ ಕಂಪ್ಯೂಟರ್ ಎಂದು ಹೆಸರಾದದ್ದು ಇದೇ. ವಿಮಾನದ ಸುತ್ತ ಗಾಳಿ ಹರಿಯುವ ಲೆಕ್ಕಕ್ಕೆಂದು ಹುಟ್ಟಿ, ಮುಂದೆ ಮುಂಗಾರಿನ ಮುನ್ಸೂಚನೆಯವರೆಗೆ ಬೆಳೆಯಿತು. ಒಳಗಿದ್ದದ್ದು ಇಂಟೆಲ್ 8086 ಪ್ರೊಸೆಸರ್‌ಗಳು, ಪಕ್ಕದಲ್ಲಿ ದಶಮಾಂಶ ಲೆಕ್ಕಕ್ಕೆ 8087.

ಇಲ್ಲಿ ಸ್ವಲ್ಪ ಅಂಕಿ ನೋಡೋಣ. 8086ರಲ್ಲಿ 29,000 ಟ್ರಾನ್ಸಿಸ್ಟರ್. 5 ಮೆಗಾಹರ್ಟ್ಸ್‌ನ ಮಾದರಿಯಲ್ಲಿ 8087 ಸೆಕೆಂಡಿಗೆ ಸುಮಾರು 50,000 ಲೆಕ್ಕ ಮಾಡುತ್ತಿತ್ತು. ಅಷ್ಟೇ ವೇಗದ 8086 ಮೆಮೊರಿಯಿಂದ ನಾಲ್ಕು ಗಡಿಯಾರ ಬಡಿತಕ್ಕೆ ಎರಡು ಬೈಟ್‌ನಂತೆ, ಸೆಕೆಂಡಿಗೆ 25 ಲಕ್ಷ ಬೈಟ್ ತರಬಲ್ಲದಾಗಿತ್ತು. ಭಾಗಿಸಿದರೆ ಒಂದೊಂದು ಲೆಕ್ಕಕ್ಕೆ 50 ಬೈಟ್, ಅಂದರೆ ಎಂಟು ಬೈಟ್‌ನ ಆರು ಸಂಖ್ಯೆಗಳು. ಲೆಕ್ಕ ಮಾಡುವವನು ನಿಧಾನ, ಸಾಮಾನು ತರುವವನು ಚುರುಕು. ಈ ಅನುಪಾತವನ್ನು ನೆನಪಿಟ್ಟುಕೊಳ್ಳಿ.

ಆದರೆ ಒಂದು ಪ್ರೊಸೆಸರ್‌ನಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸುವ ಕಷ್ಟ ಆಗಲೇ ಇತ್ತು. ಮೂರನೆಯ ಫ್ಲೋಸಾಲ್ವರ್‌ಗೆ ಇಂಟೆಲ್ ಐ860 ಬಂದು ಲೆಕ್ಕ ನೂರಾರು ಪಟ್ಟು ವೇಗವಾದಾಗ ಈ ಕಷ್ಟ ಇನ್ನೂ ಎದ್ದುಕಂಡಿತು. ಮುಂದಿನ ಆವೃತ್ತಿಗಳಿಗೆ ತಂಡ ‘ಫ್ಲೋಸ್ವಿಚ್’ ಎಂಬ ತನ್ನದೇ ಸ್ವಿಚ್ ಮಾಡಿಕೊಂಡಿತು. ಮಾಹಿತಿ ಹಾದುಹೋಗುವಾಗಲೇ ಅದು ದಾರಿಯಲ್ಲೇ ಕೂಡಿಸಿಬಿಡುತ್ತಿತ್ತು. ಹೆಸರು ಮಾಡಿದ್ದು ಸೂಪರ್ ಕಂಪ್ಯೂಟರ್, ಜಾಣ್ಮೆ ಇದ್ದದ್ದು ಸ್ವಿಚ್‌ನಲ್ಲಿ ಎಂದು ನನ್ನ ಅನಿಸಿಕೆ.

ಭಾರತೀಯ ವಿಜ್ಞಾನ ಸಂಸ್ಥೆ ಕೇಳಿದ ದೊಡ್ಡ ಕ್ರೇ ಯಂತ್ರವನ್ನು ಅಮೆರಿಕ ಕೊಡಲಿಲ್ಲ. ಆ ಬಿಸಿಯಲ್ಲೇ 1988ರಲ್ಲಿ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ಹುಟ್ಟಿತು, 1991ರಲ್ಲಿ ಪುಣೆಯಲ್ಲಿ ಅದರ ಸೂಪರ್ ಕಂಪ್ಯೂಟರ್ ಪರಮ್ 8000 ಬಂತು. ನಮ್ಮ ಹಳೆ ಮದ್ರಾಸ್ ರಸ್ತೆಗೆ ಸೇರಿದ್ದು ಅದೇ ಸಾಲಿನ ಪರಮ್ ಪದ್ಮ. ಬೈಯಪ್ಪನಹಳ್ಳಿಯಲ್ಲಿ, ಎಚ್‌ಎಎಲ್ ಎಂಜಿನ್ ವಿಭಾಗದ ಎದುರಿಗಿರುವ ಸಿ-ಡ್ಯಾಕ್ ನಾಲೆಜ್ ಪಾರ್ಕ್‌ನಲ್ಲಿ ಅದು ನೆಲೆನಿಂತಿತು. ಐಬಿಎಂನ 1 ಗಿಗಾಹರ್ಟ್ಸ್ ಪವರ್4 ಪ್ರೊಸೆಸರ್‌ಗಳು 248. ಒಂದೊಂದೂ ಒಂದು ಬಡಿತಕ್ಕೆ ನಾಲ್ಕು ಲೆಕ್ಕ ಮಾಡುತ್ತಿತ್ತು, ಹಾಗಾಗಿ ಗರಿಷ್ಠ ವೇಗ ಸೆಕೆಂಡಿಗೆ 99,200 ಕೋಟಿ. ಪರೀಕ್ಷೆಗೆ ಕೂರಿಸಿದಾಗ ಬಂದದ್ದು 53,200 ಕೋಟಿ. ಉಳಿದದ್ದೆಲ್ಲ ಕಾಯುವುದರಲ್ಲೇ ಹೋಯಿತು. 2003ರ ಜೂನ್‌ನ ಟಾಪ್-500 ಪಟ್ಟಿಯಲ್ಲಿ ಅದಕ್ಕೆ 171ನೇ ಸ್ಥಾನ.

2008ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಹೊರತಂದ ಝಿಯಾನ್ 7400, ಅಂದರೆ ‘ಡನ್ನಿಂಗ್ಟನ್’, ಬೆಂಗಳೂರಿನ ತಂಡ ವಿನ್ಯಾಸ ಮಾಡಿದ್ದು. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. ಆದರೆ ಆ ಆರಕ್ಕೂ ಮೆಮೊರಿ ತಲುಪಲು ಇದ್ದದ್ದು ಒಂದೇ ಹಳೆಯ ಬಸ್, ಸೆಕೆಂಡಿಗೆ 8.5 ಜಿಬಿ. ಕೆ.ಆರ್. ಪುರದ ತೂಗುಸೇತುವೆ ಎಷ್ಟೇ ಅಗಲವಿರಲಿ, ಟಿನ್ ಫ್ಯಾಕ್ಟರಿ ಹತ್ತಿರ ಬಂದಾಗ ಎಲ್ಲ ಗಾಡಿಯೂ ನಿಲ್ಲಲೇಬೇಕಲ್ಲ, ಹಾಗೆ. ವಿನ್ಯಾಸಕಾರರಿಗೆ ಇದು ಗೊತ್ತಿತ್ತು. ಅದಕ್ಕೇ ಚಿಪ್‌ನೊಳಗೆ 16 ಎಂಬಿಯ ದೊಡ್ಡ ಕ್ಯಾಷ್, ಅಂದರೆ ಕೈಗೆಟುಕುವ ಮೆಮೊರಿ, ಇಟ್ಟರು. ಮುಂದಿನ ಪೀಳಿಗೆಯಲ್ಲಿ ಇಂಟೆಲ್ ಆ ಬಸ್ಸನ್ನೇ ಕೈಬಿಟ್ಟಿತು.

ಈಗ ಮೊದಲಿನ ಜೋಡಿಗೆ ಬರೋಣ. ಒಂದು ಕಡೆ 2016ರ ಝಿಯಾನ್ ಇ5-2680 ವಿ4: 14 ಕೋರ್, 2.4 ಗಿಗಾಹರ್ಟ್ಸ್, 120 ವಾಟ್. ಇನ್ನೊಂದು ಕಡೆ 2023ರ ಲ್ಯಾಪ್‌ಟಾಪ್ ಪ್ರೊಸೆಸರ್, ಎಎಂಡಿ ರೈಜನ್ 7 7840ಎಚ್‌ಎಸ್: 8 ಕೋರ್, 3.8 ಗಿಗಾಹರ್ಟ್ಸ್, 35ರಿಂದ 54 ವಾಟ್. ಎರಡೂ ಒಂದು ಬಡಿತಕ್ಕೆ ಕೋರ್‌ಗೆ 16 ಲೆಕ್ಕ ಮಾಡಬಲ್ಲವು. ಗುಣಿಸಿದರೆ ಝಿಯಾನ್‌ಗೆ ಸೆಕೆಂಡಿಗೆ 53,760 ಕೋಟಿ, ರೈಜನ್‌ಗೆ 48,640 ಕೋಟಿ. ಕಾಗದದ ಲೆಕ್ಕವೇ ಆದರೂ, ಬೈಯಪ್ಪನಹಳ್ಳಿಯ ಯಂತ್ರ ಪರೀಕ್ಷೆಯಲ್ಲಿ ತೋರಿಸಿದ ವೇಗದ ಆಸುಪಾಸಿನಲ್ಲೇ ಎರಡೂ ಇವೆ.

ಹಾಗಾದರೆ ಹದಿನಾಲ್ಕೇ ಮೇಲು? ದಿನಬಳಕೆಯಲ್ಲಿ ಇಲ್ಲ. ಬಹುಪಾಲು ಸಾಫ್ಟ್‌ವೇರ್ ಒಂದೆರಡು ಕೋರ್‌ಗಳ ಹೆಗಲ ಮೇಲೇ ಕೂರುತ್ತದೆ. ಒಂಟಿ ಕೋರ್ ಓಡುವಾಗ ಝಿಯಾನ್ 3.3 ಗಿಗಾಹರ್ಟ್ಸ್‌ವರೆಗೆ ಹೋದರೆ ರೈಜನ್ 5.1ಕ್ಕೆ ಹೋಗುತ್ತದೆ, ಒಂದೊಂದು ಬಡಿತಕ್ಕೆ ಮುಗಿಸುವ ಕೆಲಸವೂ ಹೆಚ್ಚು. ಒಟ್ಟಿನಲ್ಲಿ ಸುಮಾರು ಎರಡು ಪಟ್ಟು ಚುರುಕು. ವಿಡಿಯೊ ಕೆಲಸಕ್ಕಂತೂ ಇನ್ನೊಂದು ಅನುಕೂಲ: ಎಚ್.264, ಎಚ್.265 ಕುಗ್ಗಿಸುವ ಪ್ರತ್ಯೇಕ ಯಂತ್ರಾಂಗ ಲ್ಯಾಪ್‌ಟಾಪ್ ಚಿಪ್‌ನೊಳಗೇ ಇದೆ. ಈ ಝಿಯಾನ್‌ನಲ್ಲಿ ಗ್ರಾಫಿಕ್ಸ್ ಇಲ್ಲವೇ ಇಲ್ಲ, ಕಾರ್ಡ್ ಹಾಕದಿದ್ದರೆ ಪರದೆಯೇ ಬೆಳಗದು. ಕರೆಂಟ್ ಬಿಲ್ ಬೇರೆ. ಇಡೀ ಯಂತ್ರಕ್ಕೆ 100 ವಾಟ್ ವ್ಯತ್ಯಾಸ ಎಂದಿಟ್ಟುಕೊಂಡರೂ ದಿನಕ್ಕೆ ಹತ್ತು ಗಂಟೆ ಕೆಲಸಕ್ಕೆ ಒಂದು ಯೂನಿಟ್ ಹೆಚ್ಚುವರಿ.

ಈಗ ಆ ಹಳೆಯ ಅನುಪಾತ. ಝಿಯಾನ್‌ಗೆ ಮೆಮೊರಿಯ ನಾಲ್ಕು ದಾರಿ, ಸೆಕೆಂಡಿಗೆ 76.8 ಜಿಬಿ. ರೈಜನ್‌ಗೆ ಎರಡೇ ದಾರಿ, ಆದರೆ ಡಿಡಿಆರ್5-5600 ಆದ್ದರಿಂದ 89.6 ಜಿಬಿ. ಎಂಟು ಬೈಟ್‌ನ ಒಂದು ಸಂಖ್ಯೆ ಮೆಮೊರಿಯಿಂದ ಬರುವಷ್ಟರಲ್ಲಿ ರೈಜನ್ ಸುಮಾರು 43 ಲೆಕ್ಕ ಮುಗಿಸಬಲ್ಲದು, ಝಿಯಾನ್ 56. ಎನ್‌ಎಎಲ್‌ನ ಮೊದಲ ಫ್ಲೋಸಾಲ್ವರ್ ಕಾಲದಲ್ಲಿ ಒಂದು ಲೆಕ್ಕ ಮುಗಿಯುವಷ್ಟರಲ್ಲಿ ಆರು ಸಂಖ್ಯೆ ಬಂದು ಕಾಯುತ್ತಿದ್ದವು! ಗಾಳಿ ಹರಿವಿನಂಥ ಲೆಕ್ಕದಲ್ಲಿ ಇಂದು ಕೋರ್‌ಗಳು ಬಹುಪಾಲು ಹೊತ್ತು ಕೈಕಟ್ಟಿ ನಿಂತಿರುವುದು ಇದಕ್ಕೇ. ಕೋರ್ ಎಣಿಸಿ ಕೊಳ್ಳುವವರು ಎಣಿಸಬೇಕಾದ್ದನ್ನು ಬಿಟ್ಟು ಬೇರೇನನ್ನೋ ಎಣಿಸುತ್ತಿದ್ದಾರೆ.

ಹಳೆಯದರ ಬಲ ಇರುವುದು ಮುಚ್ಚಳ ತೆಗೆದಾಗ ಕಾಣುವ ಕಡೆ. ಉಕ್ಕಿನ ಪಕ್ಕದ ಫಲಕ ಕಳಚಿದರೆ ಪ್ರೊಸೆಸರ್‌ನ ಎರಡೂ ಬದಿಗೆ ರ್‍ಯಾಮ್ ಸ್ಲಾಟ್‌ಗಳ ಸಾಲು, ಮಧ್ಯೆ ಅಂಗೈ ಅಗಲದ ಹೀಟ್‌ಸಿಂಕ್, ಕೆಳಗೆ ಕಾರ್ಡ್‌ಗಳಿಗೆ ಜಾಗ. ಈ ಝಿಯಾನ್ 1.5 ಟಿಬಿವರೆಗೆ ಮೆಮೊರಿ ಹಿಡಿಯುತ್ತದೆ, ತಪ್ಪು ಬಿಟ್‌ ಅನ್ನು ತಾನೇ ತಿದ್ದುವ ಇಸಿಸಿ ರ್‍ಯಾಮ್ ಒಪ್ಪುತ್ತದೆ, ಕಾರ್ಡ್‌ಗಳಿಗೆಂದು 40 ಪಿಸಿಐಇ ದಾರಿ ಕೊಡುತ್ತದೆ. ರಾತ್ರಿಯಿಡೀ ಓಡಿಸಿದರೂ ವೇಗ ಇಳಿಯುವುದಿಲ್ಲ. ತೆಳ್ಳನೆಯ ಲ್ಯಾಪ್‌ಟಾಪ್ ಬಿಸಿಯಾಗುತ್ತಿದ್ದಂತೆ ತನ್ನ ವೇಗವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಸಿಮ್ಯುಲೇಷನ್‌ಗೆ 128 ಜಿಬಿ ಬೇಕೆನ್ನುವ ವಿದ್ಯಾರ್ಥಿಗೆ ಲಿನಕ್ಸ್ ಹಾಕಿದ ಹಳೆಯ ಪೆಟ್ಟಿಗೆಯೇ ಸರಿ.

ಸಾಗಾಟದ ತೊಂದರೆಗೆ ಲ್ಯಾಪ್‌ಟಾಪ್ ತಯಾರಕರು ಕಂಡುಕೊಂಡ ಉಪಾಯ ಮೆಮೊರಿಯನ್ನು ಪ್ರೊಸೆಸರ್‌ನ ಮಗ್ಗುಲಿಗೇ ತಂದು ಕೂರಿಸುವುದು. 2020ರ ಆಪಲ್ ಎಂ1 ಹಾಗೆ ಮಾಡಿತು, 2024ರ ಇಂಟೆಲ್ ಕೋರ್ ಅಲ್ಟ್ರಾ 200ವಿ ಸರಣಿಯೂ ಮಾಡಿತು. ದಾರಿ ಗಿಡ್ಡವಾದಷ್ಟೂ ವಿದ್ಯುತ್ ಉಳಿತಾಯ. ಆದರೆ ಆ ಇಂಟೆಲ್ ಸರಣಿಯಲ್ಲಿ ಇರುವುದು 16 ಇಲ್ಲವೇ 32 ಜಿಬಿ, ಕೊಳ್ಳುವ ದಿನವೇ ತೀರ್ಮಾನ, ಆಮೇಲೆ ಸೇರಿಸಲು ಸ್ಲಾಟೇ ಇಲ್ಲ. ಹಳೆಯ ವರ್ಕ್‌ಸ್ಟೇಷನ್ ಕೊಂಡವರು ಸರ್ವರ್‌ನಿಂದ ಬಿಚ್ಚಿ ಮಾರುವ ಡಿಡಿಆರ್4 ಪಟ್ಟಿಗಳನ್ನು ತಂದು, ಒಂದೊಂದಾಗಿ ಒತ್ತಿ ಕೂರಿಸುತ್ತಾ ಹೋಗಬಹುದು.