ಮನೆಯೊಳಗಿನ ದೌರ್ಜನ್ಯ: ಗುರುತಿಸೋದು ಹೇಗೆ, ತಾಲ್ಲೂಕಲ್ಲಿ ಯಾರ ಹತ್ರ ಹೋಗಬೇಕು?

ಹೊಡೆದ್ರೆ ಮಾತ್ರ ದೌರ್ಜನ್ಯ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಕಾನೂನು ಹಾಗೆ ಹೇಳಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ ಹೀಯಾಳಿಸುವುದು, ಬೆದರಿಸುವುದು, ಲೈಂಗಿಕ ಒತ್ತಾಯ, ಮನೆಖರ್ಚಿಗೆ ದುಡ್ಡು ಕೊಡದಿರುವುದು, ಒಡವೆ ಕಿತ್ತುಕೊಳ್ಳುವುದು ಎಲ್ಲವೂ ದೌರ್ಜನ್ಯವೇ. ಹೆಂಡತಿಗಷ್ಟೇ ಅಲ್ಲ, ತಾಯಿ, ಅಕ್ಕ-ತಂಗಿ, ಮದುವೆಯಾಗದೆ ಸಂಸಾರದಂತೆ ಒಟ್ಟಿಗಿದ್ದವಳಿಗೂ ರಕ್ಷಣೆ ಇದೆ. ಬರೀ ಪ್ರೀತಿ, ಒಂದೇ ಮನೆಯಲ್ಲಿ ಇರಲಿಲ್ಲ ಅಂದ್ರೆ ಈ ಕಾಯ್ದೆ ಬರಲ್ಲ. ಆದರೆ ಹುಡುಗ ಬೆನ್ನುಬಿದ್ದು ಕಾಡಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಇದೆ, ನೇರ ಠಾಣೆಗೆ ಹೋಗಿ.

ಗಾಯ ಮೈಮೇಲೆ ಕಾಣದೇ ಇರಬಹುದು. ನಿದ್ದೆ ಬಾರದು, ಬಾಗಿಲು ಸದ್ದಾದ್ರೆ ಎದೆ ಡವಡವ, ತಲೆನೋವು ಅಂತ ಪದೇ ಪದೇ ಮೆಡಿಕಲ್ ಶಾಪಿಗೆ ಓಡಾಟ, 'ತಪ್ಪು ನನ್ನದೇ ಏನೋ' ಅನ್ನೋ ಯೋಚನೆ. ಮಕ್ಕಳು ಮಂಕಾಗ್ತಾರೆ, ಕೆಲವರು ಹಾಸಿಗೆ ಒದ್ದೆ ಮಾಡ್ತಾರೆ. ಮನೆ ಬಿಟ್ಟು ಬಂದ ಮೇಲೂ ಇದು ತಿಂಗಳುಗಟ್ಟಲೆ ಉಳಿಯಬಹುದು. ವಾಪಸ್ ಹೋಗೋಣ ಅನಿಸುವುದೂ ಉಂಟು. ಅದು ಹುಚ್ಚಲ್ಲ, ದುರ್ಬಲತೆಯೂ ಅಲ್ಲ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಬಿಟ್ಟು ಹೊರಡುವ ಹೊತ್ತೇ ಹೆಚ್ಚು ಅಪಾಯದ್ದು. ಹೊರಡ್ತೀನಿ ಅಂತ ಜಗಳದಲ್ಲಿ ಹೇಳಬೇಡಿ. ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್, ಆಸ್ಪತ್ರೆ ಚೀಟಿಗಳ ಜೆರಾಕ್ಸ್ ನಂಬಿಕಸ್ತರ ಮನೆಯಲ್ಲಿ ಮೊದಲೇ ಇಡಿ.

ಸಿಡಿಪಿಒ ಆಫೀಸು ಅಂದ್ರೆ ಅಂಗನವಾಡಿ ಕೆಲಸ ಅಷ್ಟೇ ಅಂದುಕೊಂಡಿರ್ತೀವಿ. ನಮ್ಮ ರಾಜ್ಯದಲ್ಲಿ ಸಿಡಿಪಿಒ ಅವರೇ ತಾಲ್ಲೂಕಿನ ಸಂರಕ್ಷಣಾಧಿಕಾರಿ. ಅವರು ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸ್ತಾರೆ. ಮನೆ ಗಂಡನ ಹೆಸರಲ್ಲಿದ್ರೂ ನಿಮ್ಮನ್ನು ಸುಮ್ಮನೆ ಹೊರಹಾಕುವಂತಿಲ್ಲ. ರಕ್ಷಣಾ ಆದೇಶ ಮುರಿದರೆ 1 ವರ್ಷದವರೆಗೆ ಜೈಲು ಅಥವಾ 20,000 ರೂ. ವರೆಗೆ ದಂಡ, ಇಲ್ಲವೇ ಎರಡೂ. ಅರ್ಜಿ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ಕೋರ್ಟು ಕಂಡವರಿಗೆ ಗೊತ್ತು, ಎಳೆಯುತ್ತೆ. ಅದಕ್ಕೇ ಮಧ್ಯಂತರ ಆದೇಶವನ್ನೂ ಕೇಳಿ. ವಕೀಲರ ಫೀಸಿಗೆ ಹೆದರಬೇಡಿ: ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಕಾನೂನು ನೆರವು ಉಚಿತ, ನಂಬರ್ 15100. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಅಂಗಡಿಯವರಿಗೂ ಒಂದು ಮಾತು. ಗಲ್ಲಾ ಮುಂದೆ ನಿಂತು ಕಣ್ಣೊರೆಸಿಕೊಳ್ಳೋ ಹೆಣ್ಣುಮಗಳಿಗೆ 'ಸ್ವಲ್ಪ ಹೊಂದ್ಕೊಂಡು ಹೋಗಮ್ಮ' ಅನ್ನಬೇಡಿ. ಒಂದು ಕಾಲ್ ಮಾಡೋಕೆ ನಿಮ್ಮ ಮೊಬೈಲ್ ಕೊಡಿ. ಸಂರಕ್ಷಣಾಧಿಕಾರಿಗೆ ನೀವೇ ತಿಳಿಸಬಹುದು. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಬರಲ್ಲ ಅಂತ ಕಾಯ್ದೆಯ 4ನೇ ಕಲಂನಲ್ಲೇ ಇದೆ.